ಕಂಪನಿ ಬುಕ್ಕಿನ ಕುಡುಕ

ಮಗ ಗಣಿ ಕಂಪನಿಯಿಂದ ಆ ಬುಕ್ಕು ತಂದ ದಿನ ಕೊಟ್ರಮ್ಮ ಒಲೆಯ ಮೇಲಿನ ರೊಟ್ಟಿಯನ್ನೇ ಮರೆತಳು. ರೊಟ್ಟಿ ಕಪ್ಪಾಗಿ ಹೊಗೆ ಎದ್ದಿತು, ಸೊಸೆ ಶೀಲಾ ಓಡಿಬಂದು ಹಂಚು ಇಳಿಸಿದಳು. ಆದರೂ ಅತ್ತೆಯ ಕಣ್ಣು ಬುಕ್ಕಿನಿಂದ ಮೇಲೇಳಲಿಲ್ಲ. ಏಳುವುದಾದರೂ ಹೇಗೆ? ನುಣುಪಾದ ದಪ್ಪ ಹಾಳೆ, ಹಾಳೆಯ ತುಂಬ ಅವಳದೇ ಮುಖ. ಹೊಲಿಗೆ ಮಷಿನ್ನಿನ ಮುಂದೆ ಕೂತು, ತಲೆಯ ಮೇಲೆ ಸೆರಗು ಹೊದ್ದು ನಗುತ್ತಿದ್ದಳು. ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಮದುವೆಯ ಆಲ್ಬಮ್ ಬಿಟ್ಟರೆ ಇಷ್ಟು ದೊಡ್ಡದಾಗಿ ಯಾರ ಮುಖವೂ ಅಚ್ಚಾಗಿರಲಿಲ್ಲ.

"ಇದು ನಾನೇನಲೇ ವೀರಭದ್ರಾ? ಇಷ್ಟು ಚಂದ ಅದೀನೇನು?"

"ನೀನ ಅವ್ವಾ. ಅವತ್ತು ಅಂಗಡ್ಯಾಗ ತಗದಿದ್ದೆನಲ್ಲ, ಅದ."

ವೀರಭದ್ರನದು ಕಂಪನಿಯಲ್ಲಿ ಕಲ್ಲು ಒಡೆಸುವ ಕೆಲಸವೂ ಅಲ್ಲ, ಲಾರಿ ಎಣಿಸುವ ಕೆಲಸವೂ ಅಲ್ಲ. ಗಣಿಯ ಸುತ್ತಲಿನ ಹಳ್ಳಿಗಳಿಗೆ ಕಂಪನಿ ಏನೇನು ಒಳ್ಳೆಯದು ಮಾಡುತ್ತದೆ ಎಂದು ನೋಡಿಕೊಳ್ಳುವ ವಿಭಾಗ ಅವನದು. ಎಲ್ಲಿ ಸಸಿ ನೆಟ್ಟರು, ಯಾವ ಶಾಲೆಗೆ ಬಣ್ಣ ಹೊಡೆಸಿದರು, ಯಾವ ಊರಿಗೆ ನೀರು ಬಂತು ಎಂದು ವರ್ಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸುವುದು. ಆ ಬುಕ್ಕು ಸರ್ಕಾರಕ್ಕೆ ಹೋಗುತ್ತದೆ, ಷೇರು ಹಿಡಿದವರಿಗೆ ಹೋಗುತ್ತದೆ, ಹೊರದೇಶಕ್ಕೂ ಹೋಗುತ್ತದಂತೆ. ಹಳ್ಳಿಗೆ ಮಾತ್ರ ಹೋಗುವುದಿಲ್ಲ.

"ಏನು ಬರದೀಯಪ್ಪಾ ಇದರಾಗ?"

"ಹೊಲಿಗಿ ಬಗ್ಗೆ, ಅವ್ವಾ. ಹೆಣ್ಮಕ್ಕಳು ಹೊಲಿಗಿ ಕಲ್ತು ಮುಂದ ಬಂದದ್ದು."

"ನಿಮ್ಮಪ್ಪ ಕಲಿಸಿದ್ದು ಅಂತ ಹಾಕೀ ಇಲ್ಲೋ?"

ವೀರಭದ್ರ ಆಗಲೇ ತೊಳೆದಿದ್ದ ಕೈಯನ್ನು ಇನ್ನೊಮ್ಮೆ ತೊಳೆಯಲು ಬಚ್ಚಲಿಗೆ ಹೋದ. ಕೊಟ್ರಮ್ಮ ಸೊಸೆಯ ಕಡೆ ತಿರುಗಿದಳು. ಶೀಲಾ ಕಾನ್ವೆಂಟಿನಲ್ಲಿ ಟೀಚರು, ಅವಳಿಗೆ ಇಂಗ್ಲಿಷು ನೀರು ಕುಡಿದಷ್ಟು ಸಲೀಸು.

"ನೀನರ ಓದಿ ಹೇಳಬೇ."

"ಸಾಲಿಗಿ ಹೊತ್ತಾತ್ರಿ ಅತ್ತಿ, ಸಂಜಿಕಿ ಓದ್ತೀನಿ," ಎಂದು ಶೀಲಾ ಕೋಣೆಗೆ ಹೋದಳು. ಅವತ್ತು ಭಾನುವಾರವಾಗಿತ್ತು. ಆ ಹಿಗ್ಗಿನಲ್ಲಿ ಕೊಟ್ರಮ್ಮನಿಗೆ ಅದು ಹೊಳೆಯಲಿಲ್ಲ.

ಗಂಡ ಕೊಟ್ರಬಸಪ್ಪ ಬೀದಿಗೆ ಹತ್ತಿದ ಮುಂದಿನ ಕೋಣೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ. ಬೆಳಗ್ಗೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಮನುಷ್ಯ. ಊರಿಗೆಲ್ಲ ಅವನು ಮಾಸ್ತರ. ಕಟ್ಟಿಕೊಂಡ ಹೆಂಡತಿಗೂ ಅವನೇ ಹೊಲಿಗೆ ಕಲಿಸಿದ್ದ, ಅವಳು ಓಣಿಯ ಹೆಂಗಸರಿಗೆಲ್ಲ ಜೀನ್ಸ್ ಪ್ಯಾಂಟು ಹೊಲಿಯುವುದನ್ನು ಕಲಿಸಿದ್ದಳು. ಬುಕ್ಕು ತಂದು ಮುಂದೆ ಹಿಡಿದರೆ ಆ ಪುಣ್ಯಾತ್ಮ ಕನ್ನಡಕ ಏರಿಸಿ ನೋಡಿದ್ದು ಹೆಂಡತಿಯನ್ನಲ್ಲ, ಮಷಿನ್ನನ್ನು.

"ಪಟ್ಟಾ ಸಡ್ಲ ಐತಿ ನೋಡು. ಫೋಟೋ ತಗಿಯೋಕಿಂತ ಮುಂಚೆ ನನಗ ಹೇಳಬೇಕಿಲ್ಲೇನು? ದೇಶ ಎಲ್ಲಾ ನೋಡ್ತೈತಿ."

"ಹೆಂಡ್ತಿ ಕಾಣಲಿಲ್ಲ, ಪಟ್ಟಾ ಕಾಣ್ತು ನಿಮಗ," ಎಂದು ಕೊಟ್ರಮ್ಮ ಬುಕ್ಕು ಕಸಿದುಕೊಂಡಳು. ಆದರೂ ಸಂಜೆ ಗಿರಾಕಿಗಳು ಬಂದಾಗ ಮಾಸ್ತರನೇ ಒಳಗೆ ಕೂಗಿದ. "ಆ ಬುಕ್ಕು ತೊಗೊಂಡು ಬಾ ಇಲ್ಲಿ."

ಮುಂದಿನ ವಾರ ಸಿರುಗುಪ್ಪದಲ್ಲಿ ತಮ್ಮ ಶರಣಪ್ಪನ ಮಗಳು ಸುನಂದಾಳ ಕುಬಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೊಸ ಕುಬಸ ಕೊಟ್ಟು ಉಡಿ ತುಂಬುವ ಕಾರ್ಯ. ಆ ಮನೆಯಲ್ಲಿ ಯಾರಿಗೆ ಕುಬಸವಾದರೂ ಹೊಲಿಯುವವಳು ಕೊಟ್ರಮ್ಮನೇ. ತೋಳಿಗೆ ಜರಿ ಪಟ್ಟಿ ಇಟ್ಟು, ಮೈ ತುಂಬಿಕೊಂಡ ಹುಡುಗಿಗೆ ಬಿಗಿಯಾಗಬಾರದೆಂದು ಬಗಲಲ್ಲಿ ಬಟ್ಟೆ ಬಿಟ್ಟು ಹೊಲಿದಿದ್ದಳು. ಮಾಸ್ತರನಿಗೆ ಜೀನ್ಸಿನ ಅವಸರದ ಆರ್ಡರ್ ಇತ್ತು. ಅವಳೊಬ್ಬಳೇ ಬಸ್ಸು ಹತ್ತಿದಳು. ಚೀಲದಲ್ಲಿ ಕುಬಸ, ಕುಬಸದ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬುಕ್ಕು.

ಉಡಿ ತುಂಬಿ, ಆರತಿ ಮಾಡಿ, ಹೋಳಿಗೆ ಊಟಕ್ಕೆ ಎಲೆ ಹಾಕುವ ಮುನ್ನ ಹೆಂಗಸರು ಗುಂಪಾಗಿ ಕೂತಿದ್ದಾಗ ಕೊಟ್ರಮ್ಮನಿಗೆ ತಡೆಯಲಾಗಲಿಲ್ಲ. ಬುಕ್ಕು ಹೊರಬಂತು.

"ಅಯ್ಯ ನಮ್ಮವ್ವ, ಯಕ್ಕ ಬುಕ್ಕಿನಾಗ ಬಂದಾಳ!" ಎಂದಳು ಶರಣಪ್ಪನ ಹೆಂಡತಿ ಶಿವಬಸಮ್ಮ. ಬುಕ್ಕು ಮಡಿಲಿಂದ ಮಡಿಲಿಗೆ ಹೋಯಿತು. ಅರಿಶಿನದ ಬೆರಳು ಹಾಳೆಗೆ ತಾಗದಂತೆ ಕೊಟ್ರಮ್ಮ ಹಿಂದೆಯೇ ಕಾವಲು ನಡೆದಳು.

"ನಮ್ಮ ವೀರಭದ್ರನ ಬರದಾನ, ಎಲ್ಲಾ ಇಂಗ್ಲೀಷು," ಎಂದು ಸಿಕ್ಕವರಿಗೆಲ್ಲ ಹೇಳಿದಳು.

"ಏನು ಬರದಾನಂತ?"

ಕೊಟ್ರಮ್ಮ ಬುಕ್ಕನ್ನು ಮಣೆಯ ಮೇಲೆ ಕೂತಿದ್ದ ಸುನಂದಾಳ ಕೈಗೆ ಕೊಟ್ಟಳು. ಸುನಂದಾ ಡಿಗ್ರಿ ಓದಿದವಳು. ಬಳೆ ಸರಿಸಿಕೊಂಡು ನಗುನಗುತ್ತಲೇ ಶುರು ಮಾಡಿದಳು.

"'ಕುರುಗೋಡು ತಾಲ್ಲೂಕಿನ ಪಕ್ಕೀರಮ್ಮ' ಅಂತ ಐತಲ್ಲತ್ತಿ. ಹೆಸರು ಬ್ಯಾರೆ ಹಾಕ್ಯಾರ."

"ಅಚ್ಚಿನಾಗ ತಪ್ಪಿರಬೇಕು ಬಿಡು. ಮುಂದ ಓದು."

ಸುನಂದಾಳ ಕಣ್ಣು ಸಾಲುಗಳ ಮೇಲೆ ಓಡಿತು. ತುಟಿ ಮಾತ್ರ ನಿಂತಿತು.

"ಮುಂದ ಏನಿಲ್ಲತ್ತಿ. ಹೊಲಿಗಿ ಕಲ್ತರು ಅಂತ ಐತಿ, ಅಷ್ಟ."

"ಇಷ್ಟುದ್ದ ಬರದಾನ, ಏನಿಲ್ಲಂದ್ರ ಹೆಂಗ? ಓದಬೇ. ನನ್ನ ಕಥಿ ನಾನು ಕೇಳಬಾರದೇನು?"

ಕೇಳಬೇಕೆಂದು ಹಟ ಹಿಡಿದವಳು ಅವಳೇ. ಮುಂದೆ ಎಷ್ಟು ದಿನ ಕೂತು ಎದ್ದರೂ ಕೊಟ್ರಮ್ಮನಿಗೆ ಆ ಮಾತೇ ಚುಚ್ಚುತ್ತಿತ್ತು. ಸುನಂದಾ ತಲೆ ಎತ್ತದೆ, ಸಣ್ಣ ದನಿಯಲ್ಲಿ ಕನ್ನಡ ಮಾಡಿ ಹೇಳಿದಳು. "ಈಕಿ ಗಂಡ ದೊಡ್ಡ ಕುಡುಕ ಇದ್ದ. ದುಡದದ್ದೆಲ್ಲಾ ಸೆರೀಗಿ ಹಾಕ್ತಿದ್ದ. ಹೆಂಡ್ತೀನ್ನ ಹೊಡೀತಿದ್ದ. ಮಕ್ಕಳು ಉಪವಾಸ ಮಲಗ್ತಿದ್ವು. ಕಂಪನಿಯವರು ಹೊಲಿಗಿ ಕಲಿಸಿ, ಮಷಿನ್ ಕೊಟ್ಟ ಮ್ಯಾಲೆ ಈಕಿ ತಲಿ ಎತ್ತಿ ನಡದಾಳ. ಈಗ ಗಂಡನೂ ಕುಡಿಯೋದು ಬಿಟ್ಟಾನ."

ಹೆಂಗಸರು ಕೊಟ್ರಮ್ಮನ ಮುಖ ನೋಡಿದರು. ನಕ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ನಗಲಿಲ್ಲ, ನಂಬಿದರು. ಇಂಗ್ಲಿಷಿನಲ್ಲಿ, ಅಷ್ಟು ದಪ್ಪ ಹಾಳೆಯಲ್ಲಿ, ಹೆತ್ತ ಮಗನೇ ಬರೆದದ್ದನ್ನು ಯಾರು ನಂಬುವುದಿಲ್ಲ?

ಶಿವಬಸಮ್ಮ ಪಕ್ಕಕ್ಕೆ ಸರಿದು ಕೈ ಹಿಡಿದಳು. "ಯಕ್ಕಾ, ಇಷ್ಟೆಲ್ಲಾ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೇನು? ನಮಗ ಒಂದು ಮಾತು ಹೇಳಬಾರದಿತ್ತೇನು? ಮಾಸ್ತರು ನೋಡಾಕ ಎಷ್ಟು ಸಂಭಾವಿತರು!"

"ಹಂಗೇನಿಲ್ಲಬೇ," ಎಂದಳು ಕೊಟ್ರಮ್ಮ.

ಇಷ್ಟೇ ಅವಳ ಬಾಯಿಂದ ಬಂದದ್ದು. ಇದು ಸುಳ್ಳು ಎಂದರೆ ಮಗ ಸುಳ್ಳುಗಾರನಾಗುತ್ತಿದ್ದ. ಈಗ ತಾನೇ ಮಗನೇ ಬರೆದದ್ದು ಎಂದು ಮನೆ ತುಂಬ ಸಾರಿಕೊಂಡು ಬಂದಿದ್ದಳು. ಸುಮ್ಮನಿದ್ದರೆ ಗಂಡ ಕುಡುಕನಾಗುತ್ತಿದ್ದ. ಅವಳು ಸುಮ್ಮನಿದ್ದಳು. ಮುದುಕಿಯೊಬ್ಬಳು ಅವಳ ತೋಳು ಸವರಿ, ಎಲ್ಲಿಯಾದರೂ ಬಾಸುಂಡೆ ಇದೆಯೇ ಎಂದು ನೋಡಿದಳು. ಎಲೆಯ ಮೇಲೆ ಯಾರೋ ಕರುಣೆಯಿಂದ ಇನ್ನೊಂದು ಹೋಳಿಗೆ ಹಾಕಿದರು, ಅವಳು ಅದನ್ನು ಹಾಗೇ ಬಿಟ್ಟು ಎಲೆ ಮಡಚಿದಳು.

ಬಳ್ಳಾರಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಗನನ್ನೂ ಸೊಸೆಯನ್ನೂ ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಮುಂದಿನ ಕೋಣೆಯಲ್ಲಿ ಮಾಸ್ತರನ ಮಷಿನ್ ಓಡುತ್ತಿತ್ತು.

"ಯಾವನಲೇ ಕುಡುಕ?" ಎಂದಳು.

ವೀರಭದ್ರನ ಮುಖ ಬಿಳಿಚಿತು. "ಅವ್ವಾ, ಅದು ಅಪ್ಪನ ಬಗ್ಗೆ ಅಲ್ಲ. ಹೆಸರು ಬ್ಯಾರೆ, ಊರು ಬ್ಯಾರೆ."

"ಮುಖ ಯಾರದು?"

"ಕುರುಗೋಡಿನ ಆಚಿಗೆ ಒಂದು ಹಳ್ಳ್ಯಾಗ ಹೊಲಿಗಿ ಸೆಂಟರ್ ಮಾಡ್ತೀವಿ ಅಂದಿದ್ವಿ. ರೂಮು ಕಟ್ಟೇವಿ. ಮಷಿನ್ನು ಬರಲೇ ಇಲ್ಲ. ಬುಕ್ಕು ಅಚ್ಚಿಗಿ ಹೋಗೋ ಹೊತ್ತು ಬಂದಿತ್ತು. ಮ್ಯಾನೇಜರ್ ದುರ್ಗೇಶ್ ಸಾರು ಒಂದು ಫೋಟೋ ಬೇಕ ಬೇಕು, ಒಂದು ಕಥಿ ಬೇಕ ಬೇಕು ಅಂದ್ರು. ಹೆಸರು ಕೊಟ್ಟ ಹೆಣ್ಮಕ್ಕಳಾಗ ಈ ಪಕ್ಕೀರಮ್ಮಂದು ಮೊದಲಿತ್ತು, ಹಾಕಿದೆ."

"ಆಕಿ ಗಂಡ ಕುಡೀತಾನೇನು?"

"ಗೊತ್ತಿಲ್ಲ. ಎಲ್ಲಾ ಕಥ್ಯಾಗೂ ಹಂಗ ಬರೀತೀವಿ ಅವ್ವಾ. ಕಷ್ಟ ಇತ್ತು, ಕಂಪನಿ ಬಂತು, ಸುಖ ಆತು. ಕುಡುಕ ಗಂಡ ಇಲ್ಲಾಂದ್ರ ಕಷ್ಟ ಅಂತ ಯಾರೂ ನಂಬಂಗಿಲ್ಲ."

ಕೊಟ್ರಮ್ಮ ಸೊಸೆಯ ಕಡೆ ನೋಡಿದಳು. ಶೀಲಾ ಕೊತ್ತಂಬರಿ ಕಟ್ಟು ಬಿಚ್ಚುತ್ತಾ, ಮತ್ತೆ ಕಟ್ಟುತ್ತಾ ನಿಂತಿದ್ದಳು.

"ನಿನಗ ಗೊತ್ತಿತ್ತೇನು?"

"ಸ್ಪೆಲಿಂಗ್ ಅಷ್ಟ ನೋಡಿದ್ದೆನ್ರಿ ಅತ್ತಿ."

"ಕುಡುಕ ಅನ್ನೋದರ ಸ್ಪೆಲಿಂಗ್ ಸರಿ ಇತ್ತೇನು?"

"ಸರಿ ಇತ್ರಿ," ಎಂದು ಶೀಲಾ ಅತ್ತುಬಿಟ್ಟಳು.

"ಅಳಬ್ಯಾಡ. ನಿಮ್ಮ ಮಾವಗ ಕೇಳಿಸ್ತೈತಿ." ಕೊಟ್ರಮ್ಮ ಬುಕ್ಕನ್ನು ಜೋಳದ ಡಬ್ಬಿಯ ಹಿಂದೆ ತುರುಕಿದಳು. ತಾನೂ ಅವರ ಗುಂಪಿಗೆ ಸೇರಿದೆನೆಂದು ಆ ಕ್ಷಣವೇ ಅವಳಿಗೆ ಗೊತ್ತಾಯಿತು.

ಆದರೆ ಸಿರುಗುಪ್ಪ ಎಷ್ಟು ದೂರ? ಹದಿನೈದು ದಿನ ಕಳೆಯುವುದರೊಳಗೆ ಶರಣಪ್ಪ ಬಂದ. ಭತ್ತದ ಮಿಲ್ಲಿನ ಕೆಲಸವೆಂದು ನೆಪ ಹೇಳಿದ. ಅಂಗಡಿಯಲ್ಲಿ ಭಾವನ ಪಕ್ಕದ ಸ್ಟೂಲು ಬಿಟ್ಟು ಅವನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಮಾತಾಡಿದ. ಎರಡು ಸಲ ಉಸಿರು ಎಳೆದು ನೋಡಿದ. ಮಾಸ್ತರನ ಬಾಯಿಂದ ಎಲೆ ಅಡಿಕೆಯ ವಾಸನೆ ಬಿಟ್ಟು ಬೇರೇನು ಬರಬೇಕು?

"ಏನಪ್ಪಾ ಶರಣಾ, ಕಿವಿ ಸರಿ ಕೇಳವಲ್ದೇನು?" ಎಂದ ಕೊಟ್ರಬಸಪ್ಪ.

ಶರಣಪ್ಪ ಒಳ್ಳೆಯ ಮನುಷ್ಯ, ಒಳ್ಳೆಯವನಾದ್ದರಿಂದಲೇ ಸುತ್ತುಬಳಸಿ ಬರಲಿಲ್ಲ. "ಭಾವಾ, ಆ ಬುಕ್ಕಿನಾಗ ಬರದದ್ದು ನಮಗೂ ತಿಳೀತು. ಹಿಂದಿಂದು ಹಿಂದಕ್ಕಾತು. ಬಿಟ್ಟೀರಂತ, ಅದ ದೊಡ್ಡದು. ಅಕ್ಕನ ಮ್ಯಾಲೆ ಮಾತ್ರ ಇನ್ನ ಕೈ ಎತ್ತಬ್ಯಾಡ್ರಿ. ತವರಾಗ ನಾವಿನ್ನೂ ಅದೀವಿ."

ಚಹಾ ತಂದ ಕೊಟ್ರಮ್ಮ ಬಾಗಿಲಲ್ಲೇ ನಿಂತಳು.

ಶರಣಪ್ಪನನ್ನು ಕಳಿಸಿದ ಮೇಲೆ ಕೊಟ್ರಬಸಪ್ಪ ಬುಕ್ಕು ತರಿಸಿ ಸೊಸೆಯನ್ನು ಕರೆದು, "ಒಂದು ಅಕ್ಷರ ಬಿಡದಂಗ ಓದವ್ವಾ" ಎಂದ. ಶೀಲಾ ಓದಿದಳು. ಅವನು ಟೇಪು ಕೊರಳಿಗೆ ಹಾಕಿಕೊಂಡು, ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದ.

"ಹೊಡೀತಿದ್ದ ಅಂತನೂ ಐತೇನು?"

"ಐತ್ರಿ ಮಾವ."

ಅವನು ಹೆಂಡತಿಯ ಮುಖ ನೋಡಿದ. "ನಿನಗ ಕುಬಸದ ದಿನದಿಂದ ಗೊತ್ತು."

"ಹೂಂ."

"ನೀ ಅಲ್ಲಿ ಏನಂದಿ?"

"ಹಂಗೇನಿಲ್ಲ ಅಂದೆ."

"ಹಂಗೇನಿಲ್ಲ," ಎಂದು ಅವನು ಆ ಮಾತನ್ನೇ ಒಮ್ಮೆ ಆಡಿ ನೋಡಿದ. ಆಮೇಲೆ ಹೋಗಿ ಮಷಿನ್ನಿನ ಮುಂದೆ ಕೂತ. ಕೂಗಾಡಿದ್ದರೆ, ಬುಕ್ಕು ಹರಿದಿದ್ದರೆ ಮನೆಗೆ ನಿರಾಳವಾಗುತ್ತಿತ್ತು. ಅವತ್ತಿನಿಂದ ಅವನು ತನ್ನ ತಟ್ಟೆ ತಾನೇ ಅಂಗಡಿಗೆ ಒಯ್ದು ಅಲ್ಲೇ ಉಣ್ಣತೊಡಗಿದ. ಪುಂಡಿಪಲ್ಯ ಬೇಕೇ, ಇನ್ನೊಂದು ರೊಟ್ಟಿ ಬೇಕೇ ಎಂದರೆ ಸಾಕು ಎಂಬ ಒಂದೇ ಮಾತು. ಮಗನ ಜೊತೆ ಆ ಒಂದು ಮಾತೂ ಇಲ್ಲ. ವೀರಭದ್ರ ಅಂಗಡಿ ದಾಟಿ ಹೊರಗೆ ಹೋಗುವಾಗ ಬೂಟು ಕೈಯಲ್ಲಿ ಹಿಡಿದು ಹೋಗುತ್ತಿದ್ದ.

ಹೀಗಿರುವಾಗ ಆ ಬುಕ್ಕಿಗೆ ಪ್ರಶಸ್ತಿ ಬರುವ ಹೊತ್ತು ಬಂತು.

"ಹೈದರಾಬಾದಿನಿಂದ ಒಬ್ಬ ಮೇಡಂ ಬರ್ತಾರ," ಎಂದ ವೀರಭದ್ರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು. "ಎಲ್ಲಾ ಕಂಪನಿ ಬುಕ್ಕಿನಾಗ ನಮ್ಮದ ಚಲೋ ಐತಂತ. ಬರದದ್ದು ಖರೇನೋ ಸುಳ್ಳೋ ಒಮ್ಮೆ ಕಣ್ಣಿಲೆ ನೋಡಬೇಕಂತ. ಪಕ್ಕೀರಮ್ಮನ್ನ ನೋಡಬೇಕಂತ."

"ತೋರಸು, ಊರಾಗ ಅದಾಳಲ್ಲ."

"ಮುಖ ನಿಂದೈತಿ ಅವ್ವಾ."

ಕೊಟ್ರಮ್ಮ ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟಳು. ಮಗನದು ಕಾಯಂ ಕೆಲಸವಲ್ಲ, ವರ್ಷ ವರ್ಷ ಮುಂದುವರಿಸುವ ಕೆಲಸ. ದುರ್ಗೇಶ್ ಸಾರು ಹೇಳಿಬಿಟ್ಟಿದ್ದ: ಕಥೆ ನೀನು ಬರೆದದ್ದು, ಸಿಕ್ಕಿಬಿದ್ದರೆ ಹೋಗುವವನೂ ನೀನೇ.

"ಆ ಹಳ್ಳ್ಯಾಗ ಒಂದು ತಾಸು ಕುಂತು ಬಂದ್ರ ಸಾಕು. ನೀ ಏನೂ ಹೇಳಬ್ಯಾಡ, ತಲಿ ಅಲ್ಲಾಡಸು. ಮಷಿನ್ನು ಓಣ್ಯಾಗ ಕೇಳ್ಕೊಂಡು ಟೆಂಪೋದಾಗ ಒಯ್ತೀನಿ. ಅಪ್ಪನ ಮಷಿನ್ನೂ ಬೇಕು. ಫೋಟೋದಾಗ ಇರೋದು ಅದ."

"ಅದನ್ನ ನೀ ಹೋಗಿ ಕೇಳು."

"ನನಗ ಮುಖ ಇಲ್ಲ."

"ನನಗ ಐತೇನಲೇ?" ಎಂದಳು ಕೊಟ್ರಮ್ಮ. ಆದರೂ ಕೇಳಿದವಳು ಅವಳೇ. ಎತ್ತಿ ಆಡಿಸಿದ ಮಗ, ಬಿಟ್ಟುಕೊಡುವುದು ಹೇಗೆ? ಗಂಡನ ತಟ್ಟೆ ತೆಗೆಯಲು ಹೋದಾಗ ಗೋಡೆಯ ಕಡೆ ಮುಖಮಾಡಿ ಎಲ್ಲ ಹೇಳಿದಳು. ಕೊಟ್ರಬಸಪ್ಪ ಹಾಕುತ್ತಿದ್ದ ಕಾಜ ಮುಗಿಸಿ ದಾರ ಕಡಿದ.

"ಇದು ನಮ್ಮಪ್ಪನ ಮಷಿನ್ನು. ಕಂಡ ಕಂಡವರು ಎತ್ತಾಕ ಬಿಡಂಗಿಲ್ಲ. ಒಯ್ಯೋದಿದ್ರ ನಾನ ಒಯ್ತೀನಿ."

ಆ ದಿನ ಬೆಳಗ್ಗೆ ಅವನು ಮಷಿನ್ನಿನ ತಲೆ ಬಿಚ್ಚಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಟೆಂಪೋದ ಹಿಂದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೊಟ್ರಮ್ಮ ಎದುರಿಗೆ ಕೂತಳು. ಕುರುಗೋಡು ದಾಟಿದ ಮೇಲೆ ಅದಿರಿನ ಲಾರಿಗಳು ಎದುರಾದವು. ಬೇವಿನ ಗಿಡದಿಂದ ಹಿಡಿದು ಗುಡಿಯ ಗೋಡೆಯವರೆಗೆ ಎಲ್ಲದರ ಮೇಲೂ ಕೆಂಪು ಧೂಳು. ಹಳ್ಳಿಯ ಹೊಲಿಗೆ ಕೋಣೆಗೆ ಬಣ್ಣ ಹೊಸದಾಗಿತ್ತು, ಒಳಗೆ ನೆಲ ಗುಡಿಸಿ ಎಷ್ಟೋ ದಿನವಾಗಿತ್ತು. ಊರ ಹೆಂಗಸರು ಆಗಲೇ ಬಂದು ಗೋಡೆಗೆ ಒರಗಿ ಕೂತಿದ್ದರು. ಇಳಿಯುತ್ತಿದ್ದ ಮಷಿನ್ನುಗಳನ್ನು ಕಂಡು ಅವರ ಮುಖ ಅರಳಿತು.

"ಬಂದುವೇನ್ರಿ ಸಾರ್, ನಮ್ಮ ಮಷಿನ್ನು?" ಎಂದು ಒಬ್ಬಳು ವೀರಭದ್ರನನ್ನು ಕೇಳಿದಳು.

"ಇವತ್ತು ತೋರಸಾಕ ಅಷ್ಟ. ಆಮ್ಯಾಲೆ ಬರ್ತಾವು," ಎಂದ ಅವನು ನೆಲ ನೋಡುತ್ತಾ.

ಹೆಂಗಸರು ಕೊಟ್ರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬಳೂ ಏನೂ ಕೇಳಲಿಲ್ಲ. ಒಬ್ಬಳು ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಧೂಳಿನ ದಾರಿಯಲ್ಲಿ ಬಂದವಳು ಗಟಗಟ ಕುಡಿದಳು, ಕುಡಿದ ಮೇಲೆ, ಮೋಸ ಮಾಡಲು ಬಂದು ಇವರ ನೀರು ಕುಡಿಯಬಾರದಿತ್ತು ಅನಿಸಿತು.

ಕಾರು ಬಂತು. ಮೇಡಂ ವಯಸ್ಸಿನಲ್ಲಿ ಸುನಂದಾಳಷ್ಟೇ ಇದ್ದಳು. ಮೆತ್ತನೆಯ ಮಾತು, ಹತ್ತಿಯ ಸೀರೆ. ಬುಕ್ಕಿನ ಪುಟ ತೆರೆದು ಮುಖಕ್ಕೆ ಮುಖ ಹೋಲಿಸಿ ನೋಡಿ ನಕ್ಕಳು. ಪಕ್ಕದಲ್ಲಿ ದುರ್ಗೇಶ್ ಸಾರೂ ನಕ್ಕ. ಮೇಡಂಗೆ ಕನ್ನಡ ಬಾರದು, ತೆಲುಗಿನಲ್ಲಿ ಕೇಳಿದಳು. ಬಳ್ಳಾರಿಯವರಿಗೆ ತೆಲುಗು ಯಾರು ಹೇಳಿಕೊಡಬೇಕು? ಕೊಟ್ರಮ್ಮನಿಗೆ ಎಲ್ಲ ತಿಳಿಯಿತು. ಪಕ್ಕೀರಮ್ಮ ನೀನೇನಾ ಎಂದರೆ ತಲೆ ಆಡಿಸಿದಳು. ಹೊಲಿಗೆ ಇಲ್ಲೇ ಕಲಿತೆಯಾ ಎಂದರೆ ತಲೆ ಆಡಿಸಿದಳು. ಮಷಿನ್ ಕಂಪನಿಯದೇನಾ ಎಂದರೆ ತಲೆ ಆಡಿಸಿದಳು. ಮೂಲೆಯಲ್ಲಿ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದ ಗಂಡನ ಕಡೆ ಮಾತ್ರ ನೋಡಲಿಲ್ಲ.

ಮೇಡಂ ಹತ್ತಿರ ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು. ಗಂಡ ಈಗಲೂ ಕುಡಿಯುತ್ತಾನಾ, ಹೊಡೆಯುತ್ತಾನಾ, ಹೆದರಬೇಡ ಹೇಳು ಎಂದಳು.

ಇದಕ್ಕೆ ತಲೆ ಹೇಗೆ ಆಡಿಸಿದರೂ ತಪ್ಪೇ. ಕೊಟ್ರಮ್ಮನ ಕೊರಳು ಕಲ್ಲಾಯಿತು. ಮೇಡಂ ಮತ್ತೆ ಕೇಳಿದಳು. ದುರ್ಗೇಶ್ ಸಾರಿನ ನಗು ಮಾಸಿ ಅವನ ಕಣ್ಣು ವೀರಭದ್ರನ ಮೇಲೆ ನೆಟ್ಟಿತು. ವೀರಭದ್ರನ ಅಂಗಿ ಬೆನ್ನಿಗೆ ಅಂಟಿತ್ತು. ಮೇಡಂ ಬುಕ್ಕು ನೋಡಿದಳು, ಕೊಟ್ರಮ್ಮನನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು.

ಮೂಲೆಯಿಂದ ಎಣ್ಣೆಯ ಡಬ್ಬಿ ಕೆಳಗಿಟ್ಟ ಸದ್ದು ಬಂತು. ಕೊಟ್ರಬಸಪ್ಪ ಎದ್ದು ನಿಂತಿದ್ದ. ಹಣೆಯ ಮೇಲೆ ಬೆಳಗಿನ ವಿಭೂತಿ, ಕೊರಳಲ್ಲಿ ಲಿಂಗ. ಮೊದಲು ತಲೆಯ ಮೇಲಿನ ಟೋಪಿ ತೆಗೆದ. ಆಮೇಲೆ ಕೊರಳಿನ ಲಿಂಗವನ್ನು ಅಂಗಿಯ ಒಳಗೆ ಸರಿಸಿ ಗುಂಡಿ ಹಾಕಿಕೊಂಡ. ಅದನ್ನು ಕಂಡದ್ದು ಕೊಟ್ರಮ್ಮ ಒಬ್ಬಳೇ.

"ನಾನ ಅಮ್ಮಾ ಈಕಿ ಗಂಡ," ಎಂದ. "ಕುಡೀತಿದ್ದೆ. ಭಾಳ ಕುಡೀತಿದ್ದೆ. ಈಗ ಬಿಟ್ಟೀನಿ."

ದುರ್ಗೇಶ್ ಸಾರು ಅದನ್ನು ಅವಸರದಿಂದ ತೆಲುಗಿನಲ್ಲಿ ಹೇಳಿದ. ಮೇಡಂ ಮುಖ ಬೆಳಗಿತು.

"ಹೊಡೀತಿದ್ದೇನು ಅಂತ ಕೇಳ್ತಾರ," ಎಂದ ದುರ್ಗೇಶ್.

ಕೊಟ್ರಬಸಪ್ಪ ಹೆಂಡತಿಯ ಕಡೆ ನೋಡಿದ. ಕಟ್ಟಿಕೊಂಡ ದಿನದಿಂದ ಅವಳ ಮೇಲೆ ಕೈ ಎತ್ತಿದವನಲ್ಲ, 'ಎಲೇ' ಅಂದಿದ್ದೇ ಹೆಚ್ಚು.

"ಹೊಡೀತಿದ್ದೆ," ಎಂದ.

ಮೇಡಂ ಚಪ್ಪಾಳೆ ತಟ್ಟಿದಳು. ದುರ್ಗೇಶ್ ತಟ್ಟಿದ, ಗೋಡೆಗೆ ಒರಗಿದ್ದ ಹೆಂಗಸರಿಗೂ ಸನ್ನೆ ಮಾಡಿದ, ಅವರೂ ತಟ್ಟಿದರು. ಮೇಡಂ ಗಂಡ ಹೆಂಡತಿಯನ್ನು ಜೊತೆಗೆ ನಿಲ್ಲಿಸಿ ಫೋಟೋ ತೆಗೆದುಕೊಂಡಳು. ಹೋಗುವಾಗ ದುರ್ಗೇಶ್ ವೀರಭದ್ರನ ಬೆನ್ನು ತಟ್ಟಿ, "ಯಾರನ್ನ ಹಿಡಕೊಂಡು ಬಂದ್ಯೋ, ಮುದುಕ ಹುಲಿ ಅದಾನ! ಮುಂದಿನ ಬುಕ್ಕಿಗೆ ಅವನ್ನೇ ಮೊದಲನೇ ಹಾಳ್ಯಾಗ ಹಾಕು," ಎಂದ. ವೀರಭದ್ರ ಅವನಿಗೆ ಕಾರಿನ ಬಾಗಿಲು ತೆರೆದ. ಕಾರು ಹೋಯಿತು.

ಮಷಿನ್ನುಗಳನ್ನು ಮತ್ತೆ ಟೆಂಪೋಗೆ ಏರಿಸತೊಡಗಿದರು. ಹೆಂಗಸರು ಎದ್ದು ಹೋಗಲಿಲ್ಲ. ನೀರು ತಂದುಕೊಟ್ಟಿದ್ದವಳು ಸೆರಗು ಬಿಗಿದುಕೊಂಡು ಕೊಟ್ರಮ್ಮನ ಹತ್ತಿರ ಬಂದಳು.

"ಯಕ್ಕಾ, ನಾನ ಪಕ್ಕೀರಮ್ಮ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು ಕೊಟ್ರಮ್ಮನಿಗೆ. "ನನ್ನ ಹೆಸರು ಕೊಟ್ರಮ್ಮ," ಎಂದಳು ತಡವರಿಸುತ್ತಾ. "ಇವರು ನಮ್ಮ ಮನಿಯವರು. ಆತ," ಎಂದು ಟೆಂಪೋದ ಕಡೆ ಕೈ ತೋರಿಸಿದಳು, "ನಿಮ್ಮ ಸಾರು, ನನ್ನ ಮಗ."

"ಗೊತ್ತೈತಿ ಯಕ್ಕಾ. ಮೂಗು ನೋಡಿದ್ರ ಯಾರಿಗರ ತಿಳೀತೈತಿ. ಮಷಿನ್ನು ಬರ್ತಾವು ಅಂದಿದ್ರು, ಅದಕ್ಕ ನಾವೂ ಸುಮ್ನ ಕುಂತ್ವಿ." ಅವಳು ದನಿ ತಗ್ಗಿಸಿದಳು. "ಬರಲಿಲ್ಲಾಂದ್ರೂ ಇರಲಿ. ಒಂದು ಮಾಡಸ್ರಿ. ನಮ್ಮ ಮನಿಯವರೂ ಕುಡಿಯಂಗಿಲ್ಲ. ಆ ಮಾತೊಂದು ತಗಸಿಬಿಡ್ರಿ."

ವೀರಭದ್ರ ಕೇಳಿಸಿಕೊಂಡಿದ್ದ. ಕೈಯಲ್ಲಿ ಹಗ್ಗ ಹಿಡಿದೇ, "ಮುಂದಿನ ಬುಕ್ಕಿನಾಗ ನೋಡೋಣವ್ವಾ," ಎಂದ.

"ಲೇ," ಎಂದ ಕೊಟ್ರಬಸಪ್ಪ. ಎಷ್ಟೋ ದಿನಗಳ ಮೇಲೆ ಮಗನ ಜೊತೆ ಆಡಿದ ಮೊದಲ ಮಾತು. "ಇವರ ಮುಂದ ಹೇಳು. ನಾ ಯಾರು?"

"ನಮ್ಮಪ್ಪ."

"ಕುಡೀತೀನೇನು?"

"ಇಲ್ಲ."

"ಈ ತಾಯಿ ಗಂಡನ ಹೆಸರೇನು?"

ವೀರಭದ್ರ ಹಗ್ಗವನ್ನು ಕೈಗೆ ಸುತ್ತಿಕೊಳ್ಳತೊಡಗಿದ.

"ಆತನ ಮುಖ ಕಂಡೀಯೇನು? ಮನಿ ಎಲ್ಲೈತಿ ಅಂತರ ಗೊತ್ತೇನು?"

"ಇಲ್ಲಪ್ಪಾ."

ಪಕ್ಕೀರಮ್ಮನೇ ಅವನನ್ನು ಕಾಪಾಡಲು ಹೋದಳು. "ಇರಲಿ ಬಿಡ್ರಿ ಅಣ್ಣಾರ. ಅವರು ಎದ್ದು ಓಡಾಡಂಗಿಲ್ಲ, ಎಲ್ಲಿ ಕಾಣಬೇಕು? ಗಣ್ಯಾಗ ದುಡದು ಉಬ್ಬಸ ಹತ್ತೈತಿ. ಕಟ್ಟಿ ಮ್ಯಾಲೆ ಕುಂತಿರ್ತಾರ."

ಕೊಟ್ರಬಸಪ್ಪ ಮಗನ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಮಷಿನ್ ಕಟ್ಟತೊಡಗಿದ.

"ನಡಿ. ಈಕಿ ಸಂಗಾಟ ಮನೀಗಿ ಹೋಗು. ಆತನ ಮುಂದ ಕುಂದ್ರು. ಏನು ಬರದೀಯೋ ಅದನ್ನ ಕನ್ನಡದಾಗ ನೀನ ಓದಿ ಹೇಳು. ಕೇಳಿ ಆತ ಏನಂತಾನೋ ಕೇಳ್ಕೊಂಡು ಬಾ. ಅಲ್ಲೀತನಕ ಟೆಂಪೋ ಹೊರಡಂಗಿಲ್ಲ."

ವೀರಭದ್ರ ತಾಯಿಯ ಕಡೆ ನೋಡಿದ. ಚಿಕ್ಕಂದಿನಿಂದ ಅಪ್ಪ ಗದರಿದಾಗಲೆಲ್ಲ ನೋಡಿದ ಹಾಗೆಯೇ ನೋಡಿದ. ಈ ಸಲ ಕೊಟ್ರಮ್ಮ ಅಡ್ಡ ಬರಲಿಲ್ಲ. ಚೀಲದಿಂದ ಬುಕ್ಕು ತೆಗೆದು, ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿ, ಮಗನ ಕೈಗೆ ಕೊಟ್ಟಳು.

ಪಕ್ಕೀರಮ್ಮ ಮುಂದೆ, ಅವನು ಹಿಂದೆ, ಇಬ್ಬರೂ ಕೆಂಪು ಧೂಳಿನ ಓಣಿಯಲ್ಲಿ ನಡೆದರು. ತಿರುವಿನ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಮನುಷ್ಯನೊಬ್ಬ, ಬಂದವರು ಕಂಪನಿಯ ಸಾಹೇಬರೆಂದು, ಕೆಮ್ಮುತ್ತಲೇ ಕಷ್ಟಪಟ್ಟು ಎದ್ದು ನಿಂತು ಕೈ ಮುಗಿದ.